ಮಾರ್ಚ್‌ನಲ್ಲಿ ಮನಾಲಿಗೆ ಹೊರಟವರು ಎರಡು ದಿನ ಖಾಲಿ ಇಟ್ಟುಕೊಳ್ಳಿ

ಅಡಿಕೆ ಕೊಯ್ಲು ಮುಗಿಸಿ ಹಿಮ ನೋಡಲು ಹೊರಟವರು ಇಲ್ಲಿ ನಾಲ್ಕೈದು ಮನೆಯವರು ಇದ್ದೀರಿ, ಅಲ್ವಾ? ಅಲ್ಲಿ ಹವಾಮಾನ ನೋಡಿ ಪ್ಲಾನ್ ಬದಲಿಸಬೇಕಾಗಬಹುದು, ಅದಕ್ಕೆ ಎಲ್ಲಾ ರಾತ್ರಿಗೂ ಮೊದಲೇ ರೂಮ್ ಬುಕ್ ಮಾಡಬೇಡಿ. ನಾವು ಹಾಗೆ ಮಾಡಿ ಎರಡು ರಾತ್ರಿಯ ದುಡ್ಡು ಸುಮ್ನೆ ಕಳೆದುಕೊಂಡೆವು. ಆಗುಂಬೆಗೆ ಸೂರ್ಯಾಸ್ತ ನೋಡಲು ಹೋಗಿ ಬರೀ ಮಂಜು ನೋಡಿ ಬಂದವರಿಗೆ ಇದು ಬೇಗ ಅರ್ಥವಾಗುತ್ತದೆ.

ಚಂಡೀಗಢದಿಂದ ಕಾರಿನಲ್ಲಿ ಸುಮಾರು 300 ಕಿ.ಮೀ. ಒಂದು ದಿನ ಅದಕ್ಕೇ ಬಿಡಿ.

ಸ್ಕೀಯಿಂಗ್ ಸೋಲಂಗ್ ಕಣಿವೆಯಲ್ಲಿ. ಮಾರ್ಚ್ ಕೊನೆಗೆ ಅಲ್ಲಿ ಹಿಮ ಕರಗಿ ಕೆಸರಾಗಿರುವುದೂ ಉಂಟು. ಆಗ 9 ಕಿ.ಮೀ. ಉದ್ದದ ಅಟಲ್ ಸುರಂಗ ದಾಟಿ ಸಿಸ್ಸು ಅನ್ನುವ ಹಳ್ಳಿ ಕಡೆ ಹೋಗಿ. ಈ ಬದಿ ದೇವದಾರು ಮರಗಳ ಹಸಿರು, ಆ ಬದಿ ಬರೀ ಬಿಳಿ! ಹೊಸ ಹಿಮ ಜಾಸ್ತಿ ಬಿದ್ದರೆ ಆ ದಾರಿ ಮುಚ್ಚುತ್ತಾರೆ. ಅಂಥ ದಿನಕ್ಕೆ ನಗ್ಗರ್ ಕೋಟೆ, ಹಿಡಿಂಬಾ ಗುಡಿ ಇಟ್ಟುಕೊಳ್ಳಿ. ಮಾರ್ಚ್‌ನಲ್ಲೇ ರೋಹ್ತಾಂಗ್ ಪಾಸ್ ತೋರಿಸುತ್ತೇನೆ ಅನ್ನುವವರನ್ನು ನಂಬಬೇಡಿ. 3,978 ಮೀಟರ್ ಎತ್ತರದ ಆ ದಾರಿ ತೆರೆಯುವುದು ಸಾಮಾನ್ಯವಾಗಿ ಮೇ ಹೊತ್ತಿಗೆ.

ಸ್ಕೀ ಮಾಡುವುದಾದರೆ ಬೆಳಿಗ್ಗೆಯೇ ಹೋಗಿ. ಮಧ್ಯಾಹ್ನಕ್ಕೆ ಹಿಮ ನೆನೆಸಿಟ್ಟ ಅವಲಕ್ಕಿ ಹಾಗೆ ಮೆತ್ತಗಾಗಿರುತ್ತದೆ. ಬಾಡಿಗೆ ಬೂಟು ಹಾಕಿಕೊಂಡು ಮಂಡಿ ಮುಂದಕ್ಕೆ ಬಗ್ಗಿಸಿ ನೋಡಿ. ಹಿಮ್ಮಡಿ ಮೇಲೆದ್ದರೆ ಆ ಬೂಟು ದೊಡ್ಡದು, ಬೇರೆ ಕೇಳಿ. ನಾನು ನಾಚಿಕೆಪಟ್ಟು ಕೇಳಲಿಲ್ಲ, ಎರಡೇ ಗಂಟೆಯಲ್ಲಿ ಕಾಲಿಗೆ ಬೊಬ್ಬೆ ಬಂತು. ಒಣ ಸಾಕ್ಸ್ ಎರಡು ಜೊತೆ ಕಾರಿನಲ್ಲೇ ಇರಲಿ.