'ಬೇಜಾರು' ಸಾಲದು, ಯಾವ ಬೇಜಾರು ಅಂತ ಬರೆಯಿರಿ

ಕೌಂಟರ್‌ನಲ್ಲೋ ಕಾಲ್ ಸೆಂಟರ್‌ನಲ್ಲೋ ದಿನವಿಡೀ ಜನರ ಜೊತೆ ಮಾತಾಡುವವರು ಇದನ್ನು ಮಾಡಿ ನೋಡಿ. ಯಾರಾದರೂ ರೇಗಾಡಿ ಹೋದ ಮೇಲೆ, ಮುಂದಿನವರನ್ನು ಕರೆಯುವ ಮುಂಚೆ, ನಿಮಗೆ ಏನಾಗುತ್ತಿದೆ ಅಂತ ಚೀಟಿಯಲ್ಲಿ ಒಂದೇ ಸಾಲು ಬರೆಯಿರಿ. 'ಬೇಜಾರು' ಅಂತ ಮಾತ್ರ ಬೇಡ. ನಮ್ಮಲ್ಲಿ ಬಸ್ ತಪ್ಪಿದರೂ ಬೇಜಾರು, ಯಾರಾದರೂ ತೀರಿಕೊಂಡರೂ ಬೇಜಾರು, ಅಲ್ವಾ? 'ಎಲ್ಲರ ಎದುರು ಏಕವಚನದಲ್ಲಿ ಮಾತಾಡಿದರು, ಅವಮಾನ ಆಯ್ತು' ಅಂತ ಬರೆಯಿರಿ. ತಪ್ಪು ನಿಮ್ಮದೇ ಆಗಿದ್ದರೆ 'ನಾಚಿಕೆ ಆಯ್ತು' ಅನ್ನಿ. ಸರಿಯಾದ ಹೆಸರು ಸಿಕ್ಕರೆ ಭಾವನೆಯ ಬಿಸಿ ಸ್ವಲ್ಪ ಇಳಿಯುತ್ತದೆ. ಸಿಟ್ಟು, ಭಯ ತುಂಬಿದ ಮುಖಗಳ ಚಿತ್ರ ನೋಡುತ್ತಾ ಆ ಭಾವನೆಗೆ ಹೆಸರಿಟ್ಟಾಗ ಮೆದುಳಿನಲ್ಲಿ ಭಯ, ಸಿಟ್ಟಿನಂಥ ಭಾವನೆಗಳಿಗೆ ಸ್ಪಂದಿಸುವ ಅಮಿಗ್ಡಲಾ ಭಾಗದ ಚಟುವಟಿಕೆ ಕಡಿಮೆಯಾಗುತ್ತದೆ ಅಂತ 2007ರಲ್ಲಿ ಅಮೆರಿಕದ ಸಂಶೋಧಕರು ಸ್ಕ್ಯಾನ್ ಮಾಡಿ ತೋರಿಸಿದ್ದರು. ಸುಮ್ನೆ ನಗುವ ಮುಖ ಹಾಕಿಕೊಂಡು ನುಂಗಿದ್ದು ಸಂಜೆ ಮನೆಯವರ ಮೇಲೆ ಹೊರಬೀಳುತ್ತದೆ. ಇನ್ನು, ಇದು ಸ್ವಭಾವಕ್ಕೆ ತಕ್ಕಂತೆ. ಥಟ್ಟನೆ ಸಿಡಿಯುವವರಿಗೆ ಚೆನ್ನಾಗಿ ಒಗ್ಗುತ್ತದೆ. ಆಡಿದ ಮಾತನ್ನೇ ಮೆಲುಕು ಹಾಕುವವರು ಮಾತ್ರ ಒಂದು ಸಾಲಿಗೇ ಪೆನ್ ಮುಚ್ಚಬೇಕು, ಎರಡನೇ ಸಾಲಿಗೆ ಹೋದರೆ ಗಾಯ ಕೆದಕಿದ ಹಾಗೆ. ಮಧ್ಯಾಹ್ನ ಎರಡಾದರೂ ಊಟ ಆಗಿಲ್ಲ ಅಂದರೆ ಚೀಟಿ ಬಿಡಿ, ಮೊದಲು ಡಬ್ಬಿ ತೆಗೆಯಿರಿ. ಮೇಲಿನವರೇ ದಿನಾ ಬಾಯಿಗೆ ಬಂದಂತೆ ಬೈಯುವ ಕಡೆಯೂ ಇದು ನಡೆಯುವುದಿಲ್ಲ. ಅಲ್ಲಿ ಬೇಕಾದದ್ದು ಲಿಖಿತ ದೂರು. ಹಾಂ, ಬರೆದ ಚೀಟಿಯನ್ನು ಹರಿದು ಬಿಸಾಕಿ, ಕೌಂಟರ್ ಮೇಲೆ ಬಿಟ್ಟು ಟೀಗೆ ಹೋಗಬೇಡಿ.