ಹಳೇ ಸಿಂಥ್ ಕೊಳ್ಳುವ ಮುನ್ನ ಹೀಗೆ ನೋಡಿ

ಹಳೆಯ ಸಿಂಥಸೈಜರ್ (ಸಿಂಥ್, ಅಂದರೆ ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯ) ಹುಡುಕುವವರು ಮೊದಲು ಕೇಳುವುದೇ ‘ಇದು ಅಪರೂಪದ್ದಾ?’ ಅಂತ. ಅಪರೂಪದ್ದೆಲ್ಲ ಕ್ಲಾಸಿಕ್ ಅಲ್ಲ. 1983ರ ಯಮಾಹಾ ಡಿಎಕ್ಸ್7 ಲಕ್ಷಕ್ಕೂ ಜಾಸ್ತಿ ಮಾರಾಟವಾಯಿತು, ಆದರೂ ಕ್ಲಾಸಿಕ್. ಯಾರೂ ಕೊಳ್ಳದೆ ಮೂಲೆ ಸೇರಿದ ಮಾಡೆಲ್‌ಗಳು ಅಪರೂಪವೇ, ಯಾರಿಗೂ ಬೇಡ ಅಷ್ಟೆ.

ಮೊದಲು ಸದ್ದಿಗೆ ಮೆರುಗು ಕೊಡುವ ಎಫೆಕ್ಟ್ ಎಲ್ಲ ಆಫ್ ಮಾಡಿ ಒಂದೇ ಸ್ವರ ನುಡಿಸಿ. 1970ರಲ್ಲಿ ಬಂದ ಮಿನಿಮೂಗ್‌ನಲ್ಲಿ ಒಂದು ಸಲಕ್ಕೆ ಒಂದೇ ಸ್ವರ ಬರುವುದು, ಆದರೂ ಅದರ ಫಿಲ್ಟರ್ (ಸದ್ದನ್ನು ಸೋಸುವ ಭಾಗ) ಸದ್ದಿಗೆ ಜನ ಇವತ್ತಿಗೂ ಬೀಳುತ್ತಾರೆ.

ಆಮೇಲೆ ನಾಬ್‌ಗಳನ್ನು ಕೊನೆಯವರೆಗೂ ತಿರುಗಿಸಿ. ರೋಲ್ಯಾಂಡ್ ಟಿಬಿ-303 ಕಥೆ ಗೊತ್ತಲ್ವಾ? ಒಬ್ಬರೇ ಕೂತು ಅಭ್ಯಾಸ ಮಾಡುವ ಗಿಟಾರ್ ವಾದಕರಿಗೆ ಬೇಸ್ ಸಾಥ್ ಕೊಡಲಿ ಅಂತ 1981ರಲ್ಲಿ ಬಂತು. ಬೇಸ್ ಗಿಟಾರ್ ಥರ ಕೇಳಿಸಲೇ ಇಲ್ಲ, 1984ರಲ್ಲಿ ತಯಾರಿಕೆ ನಿಂತಿತು. ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗವಾಗಿ ಶಿಕಾಗೋ ಹುಡುಗರ ಕೈಗೆ ಸಿಕ್ಕಿತು. ಅವರು ಟ್ಯೂನ್ ಓಡುತ್ತಿರುವಾಗಲೇ ಫಿಲ್ಟರ್ ನಾಬನ್ನೂ ಅದರ ಸದ್ದನ್ನು ಮೊನಚು ಮಾಡುವ ರೆಸೊನೆನ್ಸ್ ನಾಬನ್ನೂ ತಿರುಚಿದರು, ಆ ಚೀರಾಟವೇ ಆಸಿಡ್ ಹೌಸ್ ಎಂಬ ಡ್ಯಾನ್ಸ್ ಸಂಗೀತವಾಯಿತು. ಕೈಗೆ ಸಿಗುವ ನಾಬ್ ಇಲ್ಲದ ಸಿಂಥ್ ನಾನಂತೂ ಕೊಳ್ಳುವುದಿಲ್ಲ, ಡಿಎಕ್ಸ್7 ಕೂಡ.

ಜನ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಎರಡು ಕಾರ್ಡ್ (ಹಲವು ಸ್ವರ ಒಟ್ಟಿಗೆ) ಬಾರಿಸಿ ‘ಚೆನ್ನಾಗಿದೆ’ ಎಂದು ದುಡ್ಡು ಕೊಟ್ಟುಬಿಡುತ್ತಾರೆ. ರೋಲ್ಯಾಂಡ್ ಜುನೋ-106 ತಗೊಳ್ಳಿ. ಅದರಲ್ಲಿ ಆರು ವಾಯ್ಸ್ ಇವೆ, ಅಂದರೆ ಒಟ್ಟಿಗೆ ಆರು ಸ್ವರ ನುಡಿಯಬಲ್ಲದು, ಪ್ರತಿ ವಾಯ್ಸ್‌ಗೂ ಒಂದು ಚಿಪ್. ಚಿಪ್‌ಗೆ ಬಳಿದ ಕಪ್ಪು ರಾಳವೇ ವರ್ಷ ಕಳೆದಂತೆ ಅದನ್ನು ಕೆಡಿಸುತ್ತದೆ. ಕಾರ್ಡ್ ನುಡಿಸಿದರೆ ಸತ್ತ ವಾಯ್ಸ್ ಉಳಿದ ಐದರ ಸದ್ದಲ್ಲಿ ಮುಚ್ಚಿಹೋಗುತ್ತದೆ. ಮೊದಲು ಕೋರಸ್ (ಸದ್ದನ್ನು ದಪ್ಪವಾಗಿಸುವ ಎಫೆಕ್ಟ್) ಆಫ್ ಮಾಡಿ, ಇಲ್ಲದಿದ್ದರೆ ಅದು ಸಣ್ಣ ದೋಷವನ್ನೆಲ್ಲ ನುಂಗುತ್ತದೆ. ಕೀ ಟ್ರಾನ್ಸ್‌ಪೋಸ್ ಬಟನ್ ಒತ್ತಿಕೊಂಡೇ ಪವರ್ ಆನ್ ಮಾಡಿದರೆ ಟೆಸ್ಟ್ ಮೋಡ್ ಬರುತ್ತದೆ, ಯಾವ ವಾಯ್ಸ್ ನುಡಿಯುತ್ತಿದೆ ಎಂಬ ಸಂಖ್ಯೆ ಕಾಣಿಸುತ್ತದೆ. ಒಂದೊಂದೇ ಸ್ವರ ಒತ್ತುತ್ತಾ ಆರನ್ನೂ ಕೇಳಿ. ಒಂದು ಚಟಪಟ ಅನ್ನುತ್ತದೆಯೇ, ಮಂಕಾಗಿದೆಯೇ, ಬಿಟ್ಟ ಮೇಲೂ ಗೊಣಗುತ್ತದೆಯೇ? ಆನ್ ಇಟ್ಟೇ ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ಮಾಡಿ, ಕೆಲವು ದೋಷ ಬಿಸಿಯಾದ ಮೇಲೇ ಹೊರಬರುತ್ತವೆ.

ಸ್ಲೈಡರ್ ಕರಕರ ಅಂದರೆ ಹೆದರಬೇಡಿ, ಅದಕ್ಕೆ ಕಾಂಟ್ಯಾಕ್ಟ್ ಕ್ಲೀನರ್ ಇದೆ. ತುಕ್ಕು ಬಿಡಿಸುವ ಎಣ್ಣೆ ಮಾತ್ರ ಸುಮ್ನೆ ಹೊಡೆಯಬೇಡಿ, ಧೂಳು ಹಿಡಿದು ಇನ್ನೂ ಕೆಡುತ್ತದೆ.

ಕೊನೆಗೆ ಮುಚ್ಚಳ ತೆಗೆಸಿ. ಕಾರ್ಗ್ ಪಾಲಿಸಿಕ್ಸ್‌ನಲ್ಲಿ ಮೆಮೊರಿ ಬ್ಯಾಟರಿ ಸೋರಿ ಬೋರ್ಡನ್ನೇ ತಿಂದುಹಾಕುತ್ತದೆ. ಬ್ಯಾಟರಿ ಸುತ್ತ ಹಸಿರು ಕಲೆ ಕಂಡರೆ, ಅಥವಾ ಮಾರುವವರು ಮುಚ್ಚಳ ತೆಗೆಯಲು ಒಪ್ಪದಿದ್ದರೆ, ಎದ್ದು ಬನ್ನಿ.