ತಿಂಗಳು ಬದಲಾದರೆ ಸ್ಕ್ರಿಪ್ಟ್ ತಿದ್ದಬೇಡಿ, ಹೊರಗಿಂದ ಹೇಳಿ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಸೊಸೈಟಿಗೆ ಮೇಂಟೆನೆನ್ಸ್ ಬಿಲ್ ಮಾಡುವ ಪೈಥಾನ್ ಸ್ಕ್ರಿಪ್ಟ್ ನಾನೇ ಬರೆದದ್ದು. ತಿಂಗಳನ್ನು ಅದರೊಳಗೇ ಬರೆದಿಟ್ಟಿದ್ದೆ. ಒಮ್ಮೆ ಬದಲಾಯಿಸಲು ಮರೆತು, ಆಗಸ್ಟಿನಲ್ಲಿ ಎಲ್ಲರ ಮನೆಗೂ ಜುಲೈ ಬಿಲ್ಲೇ ಮತ್ತೆ ಹೋಯಿತು. ನಮ್ಮ ಖಜಾಂಚಿ ಮಾಮ ಎರಡು ದಿನ ಎಲ್ಲರ ಫೋನಿಗೂ ಉತ್ತರ ಕೊಡಬೇಕಾಯಿತು. ಅಂದಿನಿಂದ, ಬದಲಾಗುವ ಯಾವುದನ್ನೂ ನಾನು ಸ್ಕ್ರಿಪ್ಟಿನೊಳಗೆ ಬರೆಯುವುದಿಲ್ಲ. ನೀವೂ ಬರೆಯಬೇಡಿ.

ಅಂಥದ್ದನ್ನು ಸ್ಕ್ರಿಪ್ಟ್ ಓಡಿಸುವ ಕಮಾಂಡಿನಲ್ಲೇ ಹೇಳಿ. ಮೊದಲು ಸಿಸ್.ಆರ್ಗ್‌ವಿ ನೋಡಿ. ಕಮಾಂಡಿನಲ್ಲಿ ಸ್ಕ್ರಿಪ್ಟಿನ ಹೆಸರಾದ ಮೇಲೆ ನೀವು ಟೈಪ್ ಮಾಡಿದ್ದೆಲ್ಲ ಈ ಲಿಸ್ಟಿನಲ್ಲಿ ಬಂದು ಕೂರುತ್ತದೆ. 0ನೇ ಜಾಗದಲ್ಲಿ ಸ್ಕ್ರಿಪ್ಟಿನ ಹೆಸರು, ಆಮೇಲೆ ನೀವು ಕೊಟ್ಟದ್ದು. ಎಲ್ಲವೂ ಸ್ಟ್ರಿಂಗ್, ಅಂದರೆ ಬರೀ ಅಕ್ಷರಗಳ ಸಾಲು, 8 ಅಂತ ಕೊಟ್ಟರೂ ಅದು ಅಂಕಿಯಲ್ಲ. ಒಂದು ಫೈಲ್ ಹೆಸರಷ್ಟೇ ಬೇಕಿದ್ದರೆ ಇದೇ ಸಾಕು.

ಜಾಸ್ತಿ ಬೇಕಾದರೆ, ಕಮಾಂಡಿನಲ್ಲಿ ಕೊಟ್ಟದ್ದನ್ನು ಓದಿ ಪರೀಕ್ಷಿಸುವ ಆರ್ಗ್‌ಪಾರ್ಸ್ ಎಂಬ ಮಾಡ್ಯೂಲ್ ಇದೆ. 3.2ರಿಂದ ಪೈಥಾನ್ ಜೊತೆಗೇ ಬರುತ್ತದೆ, ಬೇರೆ ಇನ್‌ಸ್ಟಾಲ್ ಬೇಡ. ಅದರಿಂದ ಒಂದು ಪಾರ್ಸರ್ (ಓದುವ ಭಾಗ) ಮಾಡಿ, ಏನೇನು ಬೇಕೆಂದು ಆಡ್_ಆರ್ಗ್ಯುಮೆಂಟ್‌ನಲ್ಲಿ ಒಂದೊಂದನ್ನೇ ಹೇಳಿ, ಕೊನೆಗೆ ಪಾರ್ಸ್_ಆರ್ಗ್ಸ್ ಕರೆಯಿರಿ. ಹೆಸರಿನ ಮುಂದೆ ಡ್ಯಾಶ್ ಇಲ್ಲದ್ದನ್ನು ಕೊಡಲೇಬೇಕು, ಡ್ಯಾಶ್ ಇರುವುದು ಆಪ್ಷನ್, ಬಿಟ್ಟರೂ ನಡೆಯುತ್ತದೆ. ಆದರೆ ತಿಂಗಳನ್ನು ಬಿಡುವ ಹಾಗಿಲ್ಲ ಅಲ್ವಾ? ಅದಕ್ಕೆ ರಿಕ್ವೈರ್ಡ್ ಟ್ರೂ (ಕೊಡಲೇಬೇಕು), ಟೈಪ್ ಇಂಟ್ (ಪೂರ್ಣಾಂಕ), ಚಾಯ್ಸಸ್ ರೇಂಜ್(1, 13) (ಇವುಗಳಲ್ಲೊಂದು) ಎಂದು ಹಾಕಿ. ರೇಂಜ್ ಕೊನೆಯ ಅಂಕಿಯನ್ನು ಸೇರಿಸದೆ 12ಕ್ಕೇ ನಿಲ್ಲುತ್ತದೆ, ನಮಗೂ ಅಷ್ಟೇ ಬೇಕು. ಪೈಥಾನ್ 3ರಲ್ಲಿ ಆಪ್ಷನ್ ಹೆಸರು ಕನ್ನಡದಲ್ಲೇ ಇರಬಹುದು, ನನಗೆ ಇದು ತುಂಬ ಇಷ್ಟ (ಉಳಿದ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ):

ಪೈಥಾನ್3 ಬಿಲ್.ಪೈ ಫ್ಲ್ಯಾಟ್.ಸಿಎಸ್‌ವಿ --ತಿಂಗಳು 8 --ಪರೀಕ್ಷೆ

ಯಾರಾದರೂ 15 ಅಂತ ಕೊಟ್ಟರೆ ಪಾರ್ಸರೇ ತಡೆದು, ಹೇಗೆ ಕೊಡಬೇಕೆಂದು ತೋರಿಸಿ, ತಪ್ಪಾಯಿತೆಂಬ ಸೂಚನೆಯಾದ ಎಕ್ಸಿಟ್ ಕೋಡ್ 2 ಕೊಟ್ಟು ನಿಲ್ಲಿಸುತ್ತದೆ. ಒಂದು ಬಿಲ್ಲೂ ಹೊರಡುವುದಿಲ್ಲ.

ಆ --ಪರೀಕ್ಷೆ ಬರೀ ಸ್ವಿಚ್. ಅದಿದ್ದರೆ ಬಿಲ್ ಕಳಿಸದೆ ತೆರೆಯ ಮೇಲೆ ಮಾತ್ರ ತೋರಿಸುವ ಹಾಗೆ ಬರೆದಿದ್ದೇನೆ. ಇದಕ್ಕೆ ಆ್ಯಕ್ಷನ್ ಸ್ಟೋರ್_ಟ್ರೂ ಬಳಸಿ, ಆಗ ಸ್ವಿಚ್ ಕೊಟ್ಟರೆ ಟ್ರೂ (ಹೌದು), ಬಿಟ್ಟರೆ ಫಾಲ್ಸ್ (ಇಲ್ಲ). ಟೈಪ್ ಬೂಲ್ (ಟ್ರೂ-ಫಾಲ್ಸ್ ಮಾದರಿ) ಬೇಡವೇ ಬೇಡ, ಯಾಕೆಂದರೆ ಖಾಲಿಯಲ್ಲದ ಯಾವ ಸ್ಟ್ರಿಂಗೂ ಪೈಥಾನಿಗೆ ಟ್ರೂ, ನೀವು ಫಾಲ್ಸ್ ಅಂತ ಟೈಪ್ ಮಾಡಿದರೂ ಅದು ಟ್ರೂ ಎಂದೇ ಓದುತ್ತದೆ.

ಆಡ್_ಆರ್ಗ್ಯುಮೆಂಟ್‌ನಲ್ಲಿ ಒಂದೊಂದಕ್ಕೂ ಬರೆಯಬಹುದಾದ ಹೆಲ್ಪ್ ಸಾಲುಗಳನ್ನು ಸುಮ್ನೆ ಬಿಡಬೇಡಿ. -ಎಚ್ ಕೊಟ್ಟರೆ ಅವೇ ಕಾಣುತ್ತವೆ. ನಾನು ಕನ್ನಡದಲ್ಲೂ ಮರಾಠಿಯಲ್ಲೂ ಬರೆದಿದ್ದೇನೆ, ಮುಂದಿನ ಖಜಾಂಚಿ ಯಾರಾಗುತ್ತಾರೋ!

ಇನ್ನೊಂದು. ಕಮಾಂಡನ್ನು ವಾಟ್ಸಾಪ್‌ನಲ್ಲಿ ಟೈಪ್ ಮಾಡಿ ಕಳಿಸಿದರೆ ಕೆಲವು ಫೋನುಗಳು ಎರಡು ಡ್ಯಾಶನ್ನು ಸೇರಿಸಿ ಒಂದು ಉದ್ದ ಗೆರೆ ಮಾಡುತ್ತವೆ. ಅದನ್ನು ಕಾಪಿ ಮಾಡಿ ಓಡಿಸಿದರೆ, ತಿಂಗಳು ಕಣ್ಣೆದುರೇ ಇದ್ದರೂ ಪಾರ್ಸರ್ ತಿಂಗಳು ಕೊಟ್ಟಿಲ್ಲ ಅನ್ನುತ್ತದೆ. ಗೆರೆ ಅಳಿಸಿ, ಎರಡು ಡ್ಯಾಶ್ ಕೈಯಾರೆ ಒತ್ತಿ.